ಆಯ್ಬಿಕೆಯ ಪಾಲಿನ ಪಿಶಿ

ನಮ್ಮ ಬೀದಿಯ ಆಯ್ಬಿಕೆ ಮೊದಲ ಸಲ ಒದ್ದದ್ದು ನನ್ನ ಹೊಲಿಗೆ ಅಂಗಡಿಯ ಗೊಂಬೆಗೆ. ಆಗ ಅವಳಿಗೆ ಏಳೋ ಎಂಟೋ ವರ್ಷ. ಗೊಂಬೆಗೆ ಕೋಟು ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದೆ. ಗೊಂಬೆಯ ತಲೆ ಉರುಳಿಕೊಂಡು ಹೋಗಿ ಪಕ್ಕದಲ್ಲಿ ಅವಳಪ್ಪ ಸೆಲಾಮಿಯ ಅಂಗಡಿ ಹೊಸ್ತಿಲಲ್ಲಿ ನಿಂತಿತು.

"ಸೆಲಾಮಿ, ಈ ಹುಡುಗೀನ ಎಲ್ಲಾದ್ರೂ ಕಟ್ಟಿಹಾಕು, ಇಲ್ಲಾ ಒದೆಯೋದನ್ನಾದ್ರೂ ಸರಿಯಾಗಿ ಕಲಿಸು" ಅಂತ ಬೈದೆ.

ಆ ಪುಣ್ಯಾತ್ಮ ಎರಡನೇದನ್ನ ಆರಿಸಿಕೊಂಡ. ಮದುವೆ ಮಂಟಪದ ಮಹಡಿ ಮೇಲಿದ್ದ ಟೇಕ್ವಾಂಡೋ ಕ್ಲಬ್ಬಿಗೆ ಸೇರಿಸಿಬಿಟ್ಟ. ಅವತ್ತಿನಿಂದ ಅವಳ ಬಿಳಿ ಅಂಗಿ-ಪ್ಯಾಂಟು ಹೊಲಿಯೋದು, ಹರಿದರೆ ತೇಪೆ ಹಾಕೋದು ಈ ಮುಯೆಸ್ಸರ್ ಪಾಲಿಗೆ ಬಂತು. ಬಾಯಿ ಸುಮ್ಮನಿಟ್ಟುಕೊಂಡಿದ್ದರೆ ನನಗಿಷ್ಟು ಕೆಲಸ ಇರುತ್ತಿರಲಿಲ್ಲ.

ಸೆಲಾಮಿ ಚಿಬೋರೆಕ್ ಕರಿಯುವವನು. ತೆಳ್ಳಗೆ ಲಟ್ಟಿಸಿದ ಹಿಟ್ಟಿಗೆ ಖೀಮಾ ತುಂಬಿ, ಅರ್ಧಚಂದ್ರ ಮಾಡಿ, ಕುದಿಯೋ ಎಣ್ಣೆಗೆ ಬಿಡೋದು. ನಮ್ಮೂರು ಎಸ್ಕಿಶೆಹಿರ್‌ನಲ್ಲಿ ಅವನ ಕೈರುಚಿಗೆ ಸಾಲು ನಿಲ್ಲುತ್ತಾರೆ. ಅಂಥವನ ಮಗಳು ಆಡೋದು ನಲವತ್ತೊಂಬತ್ತು ಕೆಜಿ ವಿಭಾಗದಲ್ಲಿ. ಬಾಣಲೆ ಪಕ್ಕದಲ್ಲೇ ಬೆಳೆದ ಹುಡುಗಿ ಪಂದ್ಯ ಬಂತೆಂದರೆ ಸೌತೆಕಾಯಿ ಕಡಿದುಕೊಂಡು ಓಡಾಡೋದು ನೋಡಿದರೆ ನಗುನೂ ಬರುತ್ತಿತ್ತು, ಹೊಟ್ಟೆನೂ ಉರಿಯುತ್ತಿತ್ತು.

ಆಟದಲ್ಲಿ ಅವಳು ಸಾಮಾನ್ಯಳಲ್ಲ. ಕೊನ್ಯಾಗೆ ಹೋದಳು, ಅಂತಾಲ್ಯಾಗೆ ಹೋದಳು, ಒಮ್ಮೆ ಸೋಫಿಯಾಕ್ಕೂ ಹೋಗಿ ಕಂಚು ತಂದಳು. ಆದರೆ ದೇಶದ ಚಾಂಪಿಯನ್‌ಶಿಪ್‌ನಲ್ಲಿ ಮಾತ್ರ ಪ್ರತಿ ಸಲ ಫೈನಲ್ಲು, ಪ್ರತಿ ಸಲ ಬೆಳ್ಳಿ. ಸೆಲಾಮಿ ಆ ಪದಕಗಳನ್ನೆಲ್ಲ ಬಾಣಲೆ ಮೇಲಿನ ಮೊಳೆಗೆ ನೇತುಹಾಕಿದ್ದ, ಹೊಗೆಗೆ ಕಪ್ಪಾಗಿ ಹೋಗಿದ್ದವು. ಗಿರಾಕಿಗಳು "ಕೀಲಿಕೈ ಗೊಂಚಲಾ?" ಅಂತ ಕೇಳುತ್ತಿದ್ದರು.

ಮಗಳ ಪಂದ್ಯವನ್ನು ಅವನು ಒಂದು ಸಲವೂ ನೋಡಿದವನಲ್ಲ. ಅತಿಯಾಗಿ ಪ್ರೀತಿಸುವವರ ದೃಷ್ಟಿಯೇ ಬೇಗ ತಾಕುತ್ತೆ ಅಂತ ಅವನ ನಂಬಿಕೆ. ಟಿವಿಯಲ್ಲಿ ಬಂದರೂ ಎದ್ದು ಹಿತ್ತಲಿಗೆ ಹೋಗಿ ಈರುಳ್ಳಿ ಹೆಚ್ಚುತ್ತಾ ಕೂರುತ್ತಿದ್ದ.

ಆಯ್ಬಿಕೆಗೆ ಇಪ್ಪತ್ತೆಂಟು ತುಂಬಿದ ವರ್ಷ ಚಾಂಪಿಯನ್‌ಶಿಪ್ ನಮ್ಮೂರಿಗೇ ಬಂತು. ಅವಳು ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಾ ನನ್ನ ಅಂಗಡಿಯಲ್ಲಿ ಹೇಳಿದಳು, "ದೊಡ್ಡಮ್ಮ, ಇದೇ ಕೊನೇದು. ಆಮೇಲೆ ಶಾಲೇಲಿ ಮಕ್ಕಳಿಗೆ ಆಟ ಹೇಳ್ಕೊಡ್ತೀನಿ. ಒಂದೇ ಒಂದು ಸಲ ಚಿನ್ನ ಹಾಕ್ಕೊಂಡು ಈ ಬೀದೀಲಿ ನಡೀಬೇಕು, ಅಷ್ಟೇ."

ಇದನ್ನು ಕೇಳಿದ ಸೆಲಾಮಿ ಏನು ಮಾಡಿದ ಗೊತ್ತಾ? ಮಗಳ ಬಾಯಲ್ಲಿ ನೀರೂರಬಾರದು ಅಂತ ವಾರವಿಡೀ ಅಂಗಡಿಗೆ ಬೀಗ ಜಡಿದ. ಬೀದಿಯವರು ನನ್ನ ಹತ್ತಿರ ಬಂದು ಗೋಳಾಡಿದರು. ನಾನು ಹೋಗಿ ದಬಾಯಿಸಿದೆ.

"ನಿಂಗೆ ತಲೆ ಕೆಟ್ಟಿದ್ಯಾ? ಅವಳು ತೂಕ ಇಳಿಸಿದ್ರೆ ಊರೆಲ್ಲಾ ಉಪವಾಸ ಇರ್ಬೇಕಾ?"

"ಇರ್ಲಿ ಮುಯೆಸ್ಸರಕ್ಕ. ಒಂದು ವಾರ ತಾನೆ" ಅಂತ ಕೈಮುಗಿಯೋ ಥರ ನಿಂತ. ಅಂಥವನ ಹತ್ತಿರ ಜಗಳ ಆಡೋದು ಹೇಗೆ?

ಗುರುವಾರ ಬಂತು. ಮರುದಿನ ಬೆಳಿಗ್ಗೆ ತೂಕ, ಶನಿವಾರ ಪಂದ್ಯ. ನಮ್ಮಲ್ಲಿ ಗುರುವಾರ ಸಂಜೆ, ಅಂದರೆ ಶುಕ್ರವಾರದ ಹಿಂದಿನ ಸಂಜೆ, ತೀರಿಕೊಂಡವರು ತಮ್ಮ ಮನೆಯ ಸೂರಿಗೆ ಬಂದು ಕೂರುತ್ತಾರೆ. ಅವರಿಗೆ ಊಟ ಬೇಡ, ಕಾದ ಎಣ್ಣೆಯ ವಾಸನೆ ಸಾಕು. ಅದಕ್ಕೇ ಹಿಟ್ಟು ತಟ್ಟಿ ಪಿಶಿ ಕರಿದು ನೆರೆಹೊರೆಗೆ ಹಂಚೋದು. ಆಯ್ಬಿಕೆಯ ತಾಯಿ ಹೋದಾಗಿನಿಂದ ಸೆಲಾಮಿ ಒಂದು ಗುರುವಾರವೂ ತಪ್ಪಿಸಿರಲಿಲ್ಲ. ಮೊದಲ ಪಿಶಿ ಮಗಳಿಗೆ, ಅವಳು ಅಮ್ಮನ ಹೆಸರು ಹೇಳಿ ತಿಂದ ಮೇಲೆ ಉಳಿದವರಿಗೆ.

ಅವತ್ತು ಆಯ್ಬಿಕೆ ಬೆವರಿಳಿಸೋಕೆ ದಪ್ಪ ಜಾಕೆಟ್ಟು ಹಾಕಿಕೊಂಡು ಓಡಿ ಬಂದವಳು ಬಾಗಿಲಲ್ಲೇ ನಿಂತಳು. ಮೂಗರಳಿಸಿದಳು.

"ಅಪ್ಪ, ಇವತ್ತು ಗುರುವಾರ ಅಲ್ವಾ?"

"ಹೌದು ಮಗಳೇ. ಈ ವಾರ ಬೇಡ. ನಿನ್ನ ಮುಂದೆ ಕರಿದ್ರೆ ನಿನ್ನ ಜೀವ ತಡೆಯುತ್ತಾ? ನಿಮ್ಮಮ್ಮಂಗೆ ಅರ್ಥ ಆಗುತ್ತೆ."

ಹುಡುಗಿಯ ಮುಖ ಬಾಡಿಹೋಯಿತು. ಎಷ್ಟು ಸೋಲು ನೋಡಿದ್ದೀನಿ ಅವಳದು, ಇಷ್ಟು ಪೆಚ್ಚಾದದ್ದು ನೋಡಿರಲಿಲ್ಲ.

"ನಾನು ಉಪವಾಸ ಇದ್ರೆ ಅಮ್ಮನೂ ಇರ್ಬೇಕಾ? ಅವಳೇನು ನಾಳೆ ತೂಕ ಕೊಡ್ಬೇಕಾ ಅಪ್ಪ? ಒಲೆ ಹಚ್ಚು."

"ನೀನು ತಿನ್ನೋ ಹಾಗಿಲ್ವಲ್ಲಮ್ಮ..."

"ಅವಳಿಗೆ ವಾಸನೆ ಸಾಕಾದ್ರೆ ನಂಗೂ ವಾಸನೇನೇ ಸಾಕು. ಅವಳ ಪಂಕ್ತೀಲಿ ಕೂತ್ಕೊತೀನಿ."

ಅಂದವಳೇ ಅಪ್ಪನ ಕೈಯಲ್ಲಿ ಅಂಗಡಿ ಬೀಗ ತೆಗೆಸಿ, ಸ್ಟೂಲು ಎಳೆದುಕೊಂಡು ಬಾಣಲೆ ಪಕ್ಕ ಕೂತಳು. ಸೆಲಾಮಿ ಹಿಟ್ಟು ಕಲಸಿದ. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದಳು. ಎಣ್ಣೆ ಕಾದದ್ದೇ ತಡ, ಬೀದಿಗೆ ಬೀದಿಯೇ ತಟ್ಟೆ ಹಿಡಿದು ಬಂತು. ನಾನು ನಾಲ್ಕು ತಿಂದೆ, ಕಣ್ಣೀರು ಒರೆಸಿಕೊಳ್ಳುತ್ತಾ ತಿಂದೆ. ಮೊದಲ ಪಿಶಿಯನ್ನು ಮಾತ್ರ ಸೆಲಾಮಿ ಕರವಸ್ತ್ರದಲ್ಲಿ ಸುತ್ತಿ ಏಪ್ರನ್ ಜೇಬಿಗೆ ಸೇರಿಸಿದ. "ಆಟ ಮುಗಿದ ಮೇಲೆ ತಿಂತಾಳೆ" ಅಂದ.

ಮರುದಿನ ಬೆಳಿಗ್ಗೆ ತೂಕದಲ್ಲಿ ಮುಳ್ಳು ನಲವತ್ತೊಂಬತ್ತಕ್ಕೆ ಕೂದಲೆಳೆಯಷ್ಟು ಒಳಗೇ ನಿಂತಿತು.

ಶನಿವಾರ ಸೆಲಾಮಿ ಬೆಳಿಗ್ಗೆಯೇ ಅಂಗಡಿ ತೆರೆದು ಕರಿಯೋಕೆ ನಿಂತ. ನಾವೆಲ್ಲ ಸೂರ್ಯಕಾಂತಿ ಬೀಜ ಕಟ್ಟಿಕೊಂಡು ಕ್ರೀಡಾಂಗಣಕ್ಕೆ ಹೋದೆವು. ಆಯ್ಬಿಕೆ ಒಬ್ಬೊಬ್ಬರನ್ನೇ ಉರುಳಿಸಿ ಮತ್ತೆ ಫೈನಲ್ಲಿಗೆ ಬಂದಳು. ಎದುರಿಗೆ ಬುರ್ಸಾದ ಹುಡುಗಿ, ಹತ್ತು ವರ್ಷ ಚಿಕ್ಕವಳು, ಬರೀ ಕಾಲೇ ಕಾಲು. ಮೊದಲ ಸುತ್ತು ಅವಳಿಗೆ, ಎರಡನೇದು ನಮ್ಮವಳಿಗೆ. ಮೂರನೇದರಲ್ಲಿ ಸಮ. ನಮ್ಮವಳು ಕುಂಟುತ್ತಿದ್ದಳು. ನಾನು ಬೀಜ ಸಿಪ್ಪೆ ಸಮೇತ ಅಗಿಯುತ್ತಿದ್ದೆ.

ಆಗ ಅಖಾಡದ ಮಗ್ಗುಲಿನ ಬಾಗಿಲು ತೆರೆಯಿತು. ಸೆಲಾಮಿ! ಏಪ್ರನ್ನಿನಲ್ಲೇ ಓಡಿ ಬಂದಿದ್ದಾನೆ. ಒಳಗೆ ಬಂದವನು ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡು ಗೋಡೆಗೆ ಆತುಕೊಂಡ. ಆಯ್ಬಿಕೆಯ ಬೆನ್ನು ಆ ಕಡೆಗಿತ್ತು, ಅವಳು ತಿರುಗಲಿಲ್ಲ. ಆದರೆ ಮೂಗರಳಿದ್ದನ್ನು ನಾನು ಕಂಡೆ. ಭುಜ ಸಡಿಲಾಯಿತು. ಮರುಕ್ಷಣ ನನ್ನ ಗೊಂಬೆಗೆ ಬಿದ್ದಿದ್ದಂಥದೇ ಒದೆ, ಬುರ್ಸಾದವಳ ತಲೆಗೆ. ಮೂರು ಅಂಕ. ಗಂಟೆ ಹೊಡೆಯಿತು.

ನಾವು ಕಿರುಚಿದ್ದಕ್ಕೆ ಸೆಲಾಮಿ ಬೆರಳ ಸಂದಿಯಿಂದ ಇಣುಕಿದ.

ಚಿನ್ನ ಕೊರಳಿಗೆ ಬಿದ್ದ ಮೇಲೆ ಅವಳು ಕುಂಟುತ್ತಾ ಅಪ್ಪನ ಹತ್ತಿರ ಬಂದಳು.

"ನಾನು ನೋಡ್ಲಿಲ್ಲ ಕಣಮ್ಮ, ಆಣೆ. ಕಣ್ಣು ಮುಚ್ಕೊಂಡೇ ಇದ್ದೆ."

"ಗೊತ್ತು ಅಪ್ಪ. ನೀನು ಬಂದಿದ್ದು ನಂಗೆ ವಾಸನೇಲೇ ಗೊತ್ತಾಯ್ತು. ಅಮ್ಮನೂ ಜೊತೇಲಿ ಬಂದಂಗಾಯ್ತು."

ಸೆಲಾಮಿ ಏಪ್ರನ್ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ. ಗುರುವಾರದ ಪಿಶಿ ಒಣಗಿ ಚಪ್ಪಲಿ ಅಟ್ಟೆಯಾಗಿತ್ತು. ನಾನು ಬಿಡುತ್ತೇನಾ, "ಅದನ್ನ ತಿಂದ್ರೆ ಹಲ್ಲು ಹೋಗುತ್ತೆ ಕಣೇ" ಅಂದೆ. ಅವಳು ಕೇಳಬೇಕಲ್ಲ. ಪಟಕ್ಕಂತ ಎರಡು ತುಂಡು ಮಾಡಿ ಒಂದನ್ನು ಅಪ್ಪನ ಬಾಯಿಗಿಟ್ಟಳು.

"ನಿಮ್ಮಮ್ಮನ ಪಾಲು?" ಅಂದ ಸೆಲಾಮಿ, ಅಗಿಯಲಾರದೆ ಅಗಿಯುತ್ತಾ.

"ಅವಳ ಊಟ ಗುರುವಾರಾನೇ ಆಯ್ತು ಅಪ್ಪ. ಕಾಯ್ತಾ ಇದ್ದಿದ್ದು ನಾವಿಬ್ರೇ" ಅಂದಳು ಆಯ್ಬಿಕೆ, ಎಣ್ಣೆ ಕೈಯಲ್ಲೇ ಪದಕ ಎತ್ತಿ ಅವನ ಕಣ್ಣ ಮುಂದೆ ಹಿಡಿಯುತ್ತಾ. "ಈಗಲಾದ್ರೂ ನೋಡು."