ಸಿಂಚನಳ ಮೊದಲ ಮುಡಿ

ಆಗೆಲ್ಲ ನಮ್ಮ ಗಾವಡಗೆರೆ ಕಡೆ ಆಷಾಢ ಕಳೆಯುವ ಹೊತ್ತಿಗೆ ಊರಿಗೆ ಊರೇ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ದೊಡ್ಡವರು ಬ್ಯಾರನ್ ಎಂಬ ಎತ್ತರದ ಗೂಡುಮನೆಗೆ ಬೆಂಕಿ ಹಾಕಿ ಸೊಪ್ಪು ಬೇಯಿಸುತ್ತಿದ್ದರೆ, ನಾವು ಮಕ್ಕಳು ಅದರ ಒಲೆಬಾಯಿಗೆ ಗೆಣಸು ತುರುಕಿ ನಿಮಿಷಕ್ಕೊಮ್ಮೆ ಕೆದಕುತ್ತಿದ್ದೆವು. ನಿಮ್ಮೂರಲ್ಲಿ ಬ್ಯಾರನ್ ಇಲ್ಲದಿದ್ದರೂ ಗೆಣಸು ಸುಡುವ ಒಲೆಯಂತೂ ಇದ್ದೇ ಇರುತ್ತದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಂಥದೊಂದು ಸೊಪ್ಪಿನ ಕಾಲದಲ್ಲಿ ಸಿಂಚನ ನಮ್ಮ ಮನೆಗೆ ಬಂದಳು.

ಒಂದೂವರೆ ವರ್ಷದ ಮಗು. ನನ್ನ ನಂತರ ಅವ್ವನಿಗೆ ಮಕ್ಕಳಾಗಿರಲಿಲ್ಲ. ದತ್ತು ತೆಗೆದುಕೊಳ್ಳಲು ಅಪ್ಪ, ಅವ್ವ ತಿಂಗಳುಗಟ್ಟಲೆ ಮೈಸೂರಿನ ದತ್ತು ಕೇಂದ್ರಕ್ಕೆ ಅಲೆದಿದ್ದರು. ಸಿಂಚನಳಿಗೆ ತಲೆಯಲ್ಲಿ ನೀರು ತುಂಬುವ ಕಾಯಿಲೆ. ತಲೆ ದಪ್ಪ, ಕತ್ತು ನಿಲ್ಲುತ್ತಿರಲಿಲ್ಲ. ಅಲ್ಲಿನ ಮೇಡಂ, "ಆಪರೇಷನ್ ಆಗಬೇಕಾದ ಮಗು, ಯೋಚನೆ ಮಾಡಿ ಹೇಳಿ" ಅಂದರಂತೆ.

"ನನ್ನೊಟ್ಟೇಲೇ ಇಂಗುಟ್ಟಿದ್ರೆ ಯಾರ್ನ ಕೇಳಿ ಯೋಚ್ನೆ ಮಾಡ್ತಿದ್ದೆ ಮೇಡಂ?" ಅಂದಳಂತೆ ಅವ್ವ.

ಮಗು ನೋಡಲು ಬಂದವರೆಲ್ಲ ದೊಡ್ಡ ಪುಣ್ಯದ ಕೆಲಸ ಮಾಡಿದಿರಿ ಅನ್ನುವವರೇ. ಆ ಮಾತು ಕೇಳಿದರೆ ಅವ್ವನಿಗೆ ಎಲ್ಲಿಲ್ಲದ ಸಿಟ್ಟು. "ಪುಣ್ಯ ಗಿಣ್ಯ ಏನಿಲ್ಲ ಕಣ್ರೀ. ಮಗಳು ಸಿಕ್ಕವ್ಳೆ. ಕೈ ಮುಗೀಬೇಕಾದೋರು ನಾವು" ಎಂದು ಕಾಫಿ ಲೋಟ ಕುಕ್ಕುತ್ತಿದ್ದಳು.

ಡಾಕ್ಟರು ಮುಂದಿನ ಮಂಗಳವಾರ ಆಪರೇಷನ್ ಎಂದರು. ತಡವಾದರೆ ಮಗುವಿನ ಕಣ್ಣು ಹೋಗುತ್ತದೆ, ಸೋಮವಾರವೇ ಬಂದು ಸೇರಿಸಿ ಎಂದರು. ತಲೆ ಬೋಳಿಸುತ್ತಾರೆ ಎಂದು ಕೇಳಿದ್ದೇ ತಡ, ಅಪ್ಪನ ತಾಯಿ, ನಮ್ಮಜ್ಜಿ, ಎದ್ದು ಕೂತಳು.

"ಮೊದ್ಲ ಮುಡಿ ಮನೆದೇವ್ರದು. ಮಾರವ್ವಂಗೆ ಕೊಡ್ದೆ ಆಸ್ಪತ್ರೆ ಬ್ಲೇಡು ತಾಗಂಗಿಲ್ಲ. ಭಾನ್ವಾರ ಮುಡಿ ಕೊಟ್ಟು ಸೋಮ್ವಾರ ಕರ್ಕೊಂಡೋಗಿ."

ನಮ್ಮಲ್ಲಿ ಮೊದಲ ಮುಡಿ ಎಂದರೆ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮೊದಲ ಕತ್ತರಿಯೂ ಅವನದೇ, ಹೊಸ ಬಟ್ಟೆಯೂ ಅವನದೇ. ಅವನು ತೊಡೆ ಕೊಟ್ಟನೆಂದರೆ ಮಗು ಅವನ ಸೋದರಸೊಸೆ ಎಂದು ನೆಂಟರೆಲ್ಲ ಒಪ್ಪಿದ ಹಾಗೆ. ಹಾರನಹಳ್ಳಿಯಿಂದ ಅವ್ವನ ತಮ್ಮ ಬಂದ, ಬರಿಗೈಯಲ್ಲಿ ಬಂದ. ಗುಡಿಯ ಮುಂದೆ ಚಾಪೆ ಹಾಸಿ, ಕ್ಷೌರದ ನಿಂಗಣ್ಣ ನೀರು ಇಟ್ಟುಕೊಂಡು ಕೂತಿದ್ದರೆ ಮಾವ ಬೇವಿನ ಮರದ ಕೆಳಗೇ ನಿಂತುಬಿಟ್ಟ.

"ಯಾರ ಮಗಾನೋ ಏನೋ, ನನ್ ತೊಡೆ ಮ್ಯಾಲೆ ಕೂರ್ಸ್ಕಳಕಿಲ್ಲ ಅಕ್ಕ. ಅದ್ರ ತಲೆ ನೋಡಿದ್ಯಾ? ನಾಳೆ ನನ್ ಮಕ್ಳಿಗೆ ಸಂಬಂಧ ಬರದ್ ಬ್ಯಾಡ್ವಾ? ಹಟ ಮಾಡಿ ಮುಡಿ ಕೊಟ್ರೆ ತವರಿನ ಬಾಗ್ಲು ಮುಚ್ತು ಅಂದ್ಕೊ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮುಚ್ಕೊ ಕಣ್ಲಾ. ಭದ್ರವಾಗಿ ಮುಚ್ಕೊ."

ಮಾವ ಬೈಕ್ ಹತ್ತಿ ಹೋದ. ಅಪ್ಪ ಮಗುವನ್ನು ಎತ್ತಿಕೊಂಡು ಚಾಪೆಯ ಹತ್ತಿರ ಬಂದ. ಅಜ್ಜಿ ನನ್ನ ಕಡೆ ತಿರುಗಿದಳು.

"ಬಾ ಮಗ, ನೀ ಕೂತ್ಕೊ."

ನಿಂಗಣ್ಣ ತಡವರಿಸಿದ. "ಅಜ್ಜಮ್ಮ, ಸೋದರಮಾವ್ನೇ ಆಗ್ಬೇಕಲ್ವ್ರಾ?"

"ಒಡುಟ್ಟಿದೋಳು ಇಲ್ಲೇ ಅವ್ಳಲ್ಲ, ಇನ್ಯಾರ್ ಬೇಕು? ಕತ್ರಿ ಕೊಡು ಅವ್ಳ್ ಕೈಗೆ. ಮಾರವ್ವ ಏನಾರ ಕೇಳಾದಿದ್ರೆ ನನ್ನ ಕೇಳ್ಲಿ, ನಾನೇಳ್ತೀನಿ."

ಚಕ್ಕಂಬಕ್ಕಲ ಹಾಕಿ ಕೂತೆ. ಮಗುವಿನ ತಲೆ ಭಾರಕ್ಕೆ ನನ್ನ ತೋಳು ಸೋಲುತ್ತಿತ್ತು. ಒದ್ದೆ ಕೂದಲಿಗೆ ಹರಳೆಣ್ಣೆಯ ವಾಸನೆ. ಹಣೆಯ ಮೇಲಿನ ಒಂದು ಗುಂಗುರನ್ನು ಹಿಡಿದು ಕತ್ತರಿಸಿದೆ. ಅವಳು ಅಳಲಿಲ್ಲ, ನನ್ನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಆ ಗಳಿಗೆಯಲ್ಲಿ ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಮಾವ ವಾಪಸ್ಸು ಬಂದು ಕೇಳಿದ್ದರೂ ಆ ಜಾಗ ಬಿಟ್ಟುಕೊಡುತ್ತಿರಲಿಲ್ಲ.

ಪೂಜೆ ಮುಗಿದ ಮೇಲೆ ಅವ್ವ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದಳು. ಏನು ಬೇಡಿಕೊಂಡೆ ಅಂತ ಕೇಳಿದೆ.

"ಬೇಡ್ಕೊಳ್ಳಾದೇನದೆ? ಮಗ್ಳನ್ನ ಆಗ್ಲೇ ಕೊಟ್ಟವ್ಳಲ್ಲ. ಉಪಕಾರ ಆಯ್ತು ತಾಯಿ ಅಂದೆ, ಅಷ್ಟೇಯ."

ನಾನು ಅವ್ವನಷ್ಟು ಒಳ್ಳೆಯವಳಲ್ಲ. ಮಂಗಳವಾರ ಏನಾದರೂ ಹೆಚ್ಚುಕಮ್ಮಿಯಾದರೆ ನಿನ್ನ ಗುಡಿ ಹೊಸಲು ತುಳಿಯುವುದಿಲ್ಲ ಎಂದು ಮಾರವ್ವನಿಗೆ ಮನಸ್ಸಿನಲ್ಲೇ ಗದರಿಸಿ ಬಂದೆ.

ಆಪರೇಷನ್ ಆಯಿತು. ಕಣ್ಣು ಉಳಿಯಿತು, ಕತ್ತು ನಿಂತಿತು. ನಡೆಯುವುದಕ್ಕೆ ಮಾತ್ರ ಇನ್ನೂ ಎರಡು ವರ್ಷ ಹಿಡಿಯಿತು. ಈಗ ಹೈಸ್ಕೂಲಿನಲ್ಲಿದ್ದಾಳೆ, ಮಾತು ನಿಧಾನ, ಜಗಳಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ.

ಕಳೆದುಕೊಂಡದ್ದೂ ಇದೆ, ಸುಳ್ಳೇಕೆ ಹೇಳಲಿ. ಅಜ್ಜಿ ಈಗಿಲ್ಲ. ಹಾರನಹಳ್ಳಿಯ ಬೇಸಿಗೆ ರಜೆ, ಆ ಹಿತ್ತಲಿನ ಹಲಸಿನಹಣ್ಣು, ಕುಂಟೆಬಿಲ್ಲೆ ಆಡುತ್ತಿದ್ದ ಮಾವನ ಮಗಳು, ಎಲ್ಲ ಆ ಭಾನುವಾರಕ್ಕೇ ಮುಗಿಯಿತು. ಗೌರಿ ಹಬ್ಬಕ್ಕೆ ಅವ್ವನಿಗೆ ತವರಿನ ಬಾಗಿನ ಬರುವುದೂ ನಿಂತಿತು. ಓರಗಿತ್ತಿಯರು ತವರಿನ ಸೀರೆ ಉಟ್ಟು ಓಡಾಡುವಾಗ ಅವಳು ಒಳಗೆ ಕಡುಬು ಬೇಯಿಸುತ್ತಿರುತ್ತಾಳೆ.

ಹೋದ ವರ್ಷ ಮಾವನ ಮಗಳ ಮದುವೆಗೆ ಅವರ ಕಡೆಯವರೊಬ್ಬರು ಕರೆಯಲು ಬಂದರು. ಅಷ್ಟು ವರ್ಷದ ಮೇಲೆ ತವರಿನ ಅರಿಶಿನ ಕುಂಕುಮ ಹೊಸಲು ದಾಟಿತ್ತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಲಗ್ನಪತ್ರಿಕೆ ತೆಗೆದುಕೊಂಡಳು. ಕವರಿನ ಮೇಲೆ ಅಪ್ಪನ ಹೆಸರು, ಅವಳ ಹೆಸರು, ನನ್ನ ಹೆಸರು ಬರೆದಿತ್ತು. ತಿರುಗಿಸಿ ನೋಡಿದಳು, ಮತ್ತೊಂದು ಸಲ ಓದಿದಳು, ವಾಪಸ್ಸು ಕೊಟ್ಟಳು.

"ಒಂದ್ ಹೆಸ್ರು ಬುಟ್ಟೋಗದೆ. ಬರ್ಸ್ಕೊಂಡ್ ಬನ್ನಿ, ನಾಕು ಜನಾನೂ ಬತ್ತೀವಿ."

ಅವರು ಮತ್ತೆ ಬರಲಿಲ್ಲ. ಮದುವೆಯ ದಿನ ಅವ್ವ ಹಿತ್ತಲ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು ನಾಲ್ಕು ತಟ್ಟೆ ಹಾಕಿದಳು.