ಕಟ್ಟಿ ಮತ್ತು ತಪ್ಪು ಗೆರೆಗಳ ಪುಸ್ತಕ

ಕಟ್ಟಿಯ ಕೆಳದುಟಿಯ ಮೇಲೆ ಸದಾ ಒಂದು ಕರಿ ಗುರುತು ಇರುತ್ತಿತ್ತು. ಹೊಸಬರು ಅದನ್ನು ಮಚ್ಚೆ ಎಂದುಕೊಳ್ಳುತ್ತಿದ್ದರು. ಮಚ್ಚೆಯೂ ಅಲ್ಲ, ಮಣ್ಣೂ ಅಲ್ಲ. ಪೆನ್ಸಿಲ್ಲಿನ ಮೊನೆಯನ್ನು ನಾಲಿಗೆಗೆ ತಾಕಿಸದೆ ಅವನಿಗೆ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ಪುಣೆ ಹತ್ತಿರದ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಅವನು ಸ್ಟೋರಿನ ಗುಮಾಸ್ತ, ನಾನು ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವನು ಬಾಗಲಕೋಟೆ ಕಡೆಯವನು, ನಾನು ಧಾರವಾಡದವನು. ಇಡೀ ಊರು ಮರಾಠಿ ಮಾತಾಡುವಾಗ ಕ್ಯಾಂಟೀನಿನಲ್ಲಿ ಯಾರೋ 'ಚಹಾ ಆರ್ಲಿಕತ್ತದೋ' ಎಂದರೆ ಕಿವಿ ನಿಮಿರದೆ ಇರುತ್ತದೆಯೇ? ಹಾಗೆ ಶುರುವಾದ ಗೆಳೆತನ.

ಸ್ಟೋರಿನಲ್ಲಿ ಕೂತು ಕೂತು ಅವನಿಗೆ ಒಂದು ವಿಚಿತ್ರ ಬುದ್ಧಿ ಬೆಳೆದಿತ್ತು. ಹೊಸ ಮಾಲು ಬಂದರೆ ಅದನ್ನು ಮುಟ್ಟಿಯೂ ನೋಡುತ್ತಿರಲಿಲ್ಲ, ಮೊದಲು ರಿಜೆಕ್ಟ್ ಆದ ಮಾಲು ಕೇಳುತ್ತಿದ್ದ. "ಛಲೋ ಮಾಲು ಎಲ್ಲಾರೂ ತೋರಸ್ತಾರ್ರೀ. ಕೆಟ್ಟದ್ದು ತೋರಸ್ರಿ, ಖರೇ ಗೊತ್ತಾಗ್ತದ" ಎನ್ನುತ್ತಿದ್ದ. ಇದನ್ನು ಕಾರ್ಖಾನೆಗೇ ಬಿಟ್ಟು ಬರಬೇಕಿತ್ತು, ಬಿಡಲಿಲ್ಲ. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗನ ಅಪ್ಪನ ಎದುರೇ, "ಪಾಸಾಗಿದ್ದೆಲ್ಲಾ ಕೇಳಿದ್ವಿ. ಹುಡುಗ ಫೇಲ್ ಆಗಿದ್ದು ಯಾವುದರಾಗ?" ಎಂದು ಕೇಳಿಬಿಟ್ಟ. ಬೀಗರ ಮುಖ ಹುಳಿ ತಿಂದಂತಾಯಿತು. ಹುಡುಗ ಮಾತ್ರ ನಕ್ಕು, "ಗಣಿತದಾಗ್ರಿ, ಎರಡು ಸಲ" ಅಂದ. ಕಟ್ಟಿ ಅಲ್ಲೇ ಮದುವೆ ಗೊತ್ತು ಮಾಡಿದ. ಅಳಿಯ ಚಿನ್ನದಂಥವನು. ಅದಕ್ಕೂ ನನಗೆ ಹೊಟ್ಟೆಕಿಚ್ಚಿದೆ, ಆದರೆ ಆ ಮಾತು ಬೇರೆ.

ನನಗಿದ್ದದ್ದು ಒಂದೇ ಜಂಬ, ನನ್ನ ಕೈ. ಕಂಪ್ಯೂಟರ್ ಬರುವ ಮೊದಲು ಬೋರ್ಡಿನ ಮೇಲೆ ನಾನು ಎಳೆದ ಗೆರೆಯನ್ನು ತೋರಿಸಲು ಸಾಹೇಬರು ಪರದೇಶದವರನ್ನು ಕರೆತರುತ್ತಿದ್ದರು. ಗೇರ್‌ಬಾಕ್ಸಿನ ನನ್ನದೊಂದು ನಕ್ಷೆ ಕೋಥರೂಡದ ನಮ್ಮ ಮನೆಯ ಹಾಲಿನ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿತ್ತು. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದರ ದರ್ಶನ. ದುಡ್ಡು ಮಾಡಲಿಲ್ಲ, ಹೆಸರು ಮಾಡಲಿಲ್ಲ, ಆದರೆ ಗೆರೆ ಎಳೆಯುವುದರಲ್ಲಿ ದೇಸಾಯಿ ಅಂದರೆ ದೇಸಾಯಿ. ಅದೊಂದನ್ನು ಯಾರೂ ಕಸಿದುಕೊಳ್ಳಲಾರರು ಎಂದು ನಂಬಿದ್ದೆ.

ನಿವೃತ್ತಿಯಾದ ಮೇಲೆ ಒಂದು ಮುಂಜಾನೆ ವಾಕಿಂಗಿನಲ್ಲಿ ಕಟ್ಟಿ, "ದೇಸಾಯಿ, ಚಿತ್ರಾ ತಗೀಲಿಕ್ಕೆ ಕಲೀಬೇಕಂತ ಮಾಡೀನಿ" ಅಂದ.

"ಯಾರು, ನೀನ?" ನಾನು ಪಕಪಕ ನಕ್ಕೆ. ಸ್ಕೇಲು ಹಿಡಿದರೂ ಅವನ ಗೆರೆ ನೆಟ್ಟಗೆ ಬರುತ್ತಿರಲಿಲ್ಲ.

"ನಗು ನಗು. ಒಂದು ಪುಸ್ತಕ ಕೊಂಡರ ಆತು."

"ಪುಸ್ತಕ ಆರಸೂದು ನಂಗ ಬಿಡು. ನಿಂಗೇನು ತಿಳೀತದ. ನಾನೂ ಒಂದು ತಗೋತೀನಿ" ಅಂದೆ. ಇಬ್ಬರೂ ಬಸ್ಸು ಹಿಡಿದು ಅಪ್ಪಾ ಬಳವಂತ ಚೌಕಕ್ಕೆ ಹೋದೆವು. ಪುಣೆಯಲ್ಲಿ ಪುಸ್ತಕ ಬೇಕೆಂದರೆ ಎಲ್ಲರೂ ಹೋಗುವುದು ಅಲ್ಲಿಗೇ.

ನಾನು ದಪ್ಪನೆಯ, ಹೊಳೆಯುವ ಹಾಳೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡೆ. ಎಲುಬು, ಸ್ನಾಯು, ಬೆಳಕು, ನೆರಳು ಎಲ್ಲವೂ ಅದರಲ್ಲಿತ್ತು. ಒಂದೊಂದು ಗೆರೆಯೂ ದಾರ ಹಿಡಿದಂತಿತ್ತು. ಪುಸ್ತಕ ಅಂದರೆ ಹೀಗಿರಬೇಕು ಎಂದು ನನಗಾಗಿ ಅದನ್ನೇ ಆರಿಸಿಕೊಂಡೆ. ಕಟ್ಟಿ ಅದರ ಹಾಳೆ ತಿರುವಿದ, ಮತ್ತೆ ತಿರುವಿದ, ಕೊನೆಗೆ ಅಂಗಡಿಯವನನ್ನು ಕೇಳಿದ. "ಇವಾ ಕೆಡಿಸಿದ ಚಿತ್ರಾ ಎಲ್ಲೆ ಅವ?" ಕೇಳಿದ್ದು ಮರಾಠಿಯಲ್ಲಿ, ಆದರೆ ಅರ್ಥ ಇದೇ. ಅಂಗಡಿಯವನಿಗೆ ತಿಳಿಯಲಿಲ್ಲ. "ಕೆಡಿಸಿದ್ದನ್ನು ಯಾರಾದರೂ ಛಾಪಿಸ್ತಾರಾ ಕಾಕಾ?" ಅಂದ.

ಕಟ್ಟಿ ಒಂದಾದ ಮೇಲೊಂದು ಪುಸ್ತಕ ತೆಗೆಸಿದ, ಒಂದಾದ ಮೇಲೊಂದು ಮುಚ್ಚಿದ. "ಇವಾ ಹುಟ್ಟತಲೇನ ಶಾಣ್ಯಾ. ಬ್ಯಾಡ." "ಈಕಿದು ಒಂದೂ ತಪ್ಪಿಲ್ಲ. ಸುಳ್ಳ ಹೇಳ್ತಾಳ." ನನಗೆ ನಾಚಿಕೆಯಾಗಿ ಫುಟ್‌ಪಾತಿಗೆ ಬಂದು ನಿಂತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ "ಸಿಕ್ತಲೇ!" ಎಂದು ಕೂಗು ಕೇಳಿತು. ಅವನ ಕೈಯಲ್ಲಿ ಮಕ್ಕಳಿಗೆಂದು ಮಾಡಿದ, ಒರಟು ಹಾಳೆಯ ಒಂದು ಮರಾಠಿ ಪುಸ್ತಕ. ಪ್ರತಿ ಪುಟದಲ್ಲಿ ಎಡಕ್ಕೆ ತಪ್ಪು ಚಿತ್ರ, ಬಲಕ್ಕೆ ಸರಿ ಚಿತ್ರ. ಎಡಗಡೆಯ ಬೆಕ್ಕಿಗೆ ಕುತ್ತಿಗೆಯಿಲ್ಲ, ಎಡಗಡೆಯ ಮನುಷ್ಯನಿಗೆ ಮೊಣಕೈ ಎಲ್ಲೋ ಹುಟ್ಟಿದೆ. ಕಟ್ಟಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷ. "ಪ್ರಾಮಾಣಿಕ ಮನಶ್ಯಾ ನೋಡು ಇವಾ. ರಿಜೆಕ್ಟ್ ಮಾಲು ತಂದು ಮುಂದ ಇಟ್ಟಾನ!"

ದಿನಾ ಮುಂಜಾನೆ ವಾಕಿಂಗ್ ಮುಗಿಸಿ ಉದ್ಯಾನದ ಬೆಂಚಿನ ಮೇಲೆ ಕೂತು ಇಬ್ಬರೂ ಚಿತ್ರ ತೆಗೆಯತೊಡಗಿದೆವು. ಕಟ್ಟಿ ಏನು ಮಾಡಿದ ಗೊತ್ತೇ? ಎಡಗಡೆಯವನ್ನು ಮೊದಲು ತೆಗೆದ! ಪುಸ್ತಕದ ಎಲ್ಲ ತಪ್ಪುಗಳನ್ನೂ ಶ್ರದ್ಧೆಯಿಂದ, ನಾಲಿಗೆಗೆ ಪೆನ್ಸಿಲ್ ತಾಕಿಸಿ ತಾಕಿಸಿ ಬರೆದ. ಅವನು ಬರೆದ ಕಾಗೆ ಹರಿದ ಚಪ್ಪಲಿಯಂತಿತ್ತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ನನ್ನ ಸರದಿಯಲ್ಲಿ ಬೆಂಚಿನ ಬಳಿ ಮಲಗಿದ್ದ ಬೀದಿನಾಯಿಯನ್ನು ಬರೆದೆ. ಅಚ್ಚುಕಟ್ಟಾಗಿ ಬಂತು. ಕಟ್ಟಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಬಿದ್ದು ಬಿದ್ದು ನಗಲು ಶುರುಮಾಡಿದ. ನಾನು ನಾಯಿಯನ್ನು ಮುಂದಿನಿಂದ, ಬದಿಯಿಂದ, ಮೇಲಿನಿಂದ, ಹೀಗೆ ಮೂರು ನೋಟದಲ್ಲಿ ಬರೆದಿದ್ದೆ. ಮಲಗಿದ ನಾಯಿಯ ಅಡಿ ಸಿಕ್ಕು ಕಾಣದಿರುವ ಕಾಲುಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿದ್ದೆ. ಕಾಣದ ಅಂಚಿಗೆ ಚುಕ್ಕೆ ಗೆರೆ ಹಾಕುವುದು ನಮ್ಮ ಕಸುಬಿನ ನಿಯಮ. ಕೈ ತಾನೇ ಹಾಕಿಬಿಟ್ಟಿತ್ತು.

"ಯಪ್ಪಾ, ದೇಸಾಯಿ! ಈ ನಾಯಿನ್ನ ಯಾವ ವರ್ಕ್‌ಶಾಪಿಗೆ ಕಳಸ್ತೀಯೋ? ಎಷ್ಟು ತಯಾರ್ ಮಾಡಬೇಕಂತ?"

"ಕಾಲು ಅವ ಇಲ್ಲೋ? ಅವ. ಅದಕ್ಕ ಹಾಕೀನಿ" ಅಂದೆ.

"ಅವ ಅಂತ ನಿಂಗ ಗೊತ್ತದ. ಆದ್ರ ಕಾಣ್ತಾವೇನು?"

ಸಿಟ್ಟಿನಿಂದ ಹಾಳೆ ಕಸಿದು ಮಡಚಿ ಜೇಬಿಗೆ ತುರುಕಿದೆ. ಆ ದಿನ ನಾನು ಅವನ ಜೊತೆ ಚಹಾ ಕುಡಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಿಯ ಕಾಗೆ ಕಾಗೆಯಾಯಿತು. ಬರೀ ಕಾಗೆಯಲ್ಲ, ತಂತಿಯ ಮೇಲೆ ಕೂತು ಕತ್ತು ಓರೆ ಮಾಡಿ, ಇನ್ನೇನು ನನ್ನ ಕೈಯ ಬಿಸ್ಕತ್ತನ್ನು ಕಸಿಯುತ್ತದೆ ಎನ್ನುವಂಥ ಕಾಗೆ. ಗೆರೆ ಇನ್ನೂ ಸೊಟ್ಟಗೇ ಇತ್ತು. ಆದರೆ ಕಾಗೆ ಬದುಕಿತ್ತು. ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು ನನಗೆ. ಜೀವಮಾನವೆಲ್ಲ ಗೆರೆ ಎಳೆದವನು ನಾನು, ನಟ್ಟು ಬೋಲ್ಟು ಎಣಿಸಿದವನು ಅವನು. ದೇವರಿಗೆ ಕಣ್ಣಿಲ್ಲವೇ? "ಕೊಕ್ಕು ಸ್ವಲ್ಪ ಉದ್ದಾಗ್ಯದ" ಅಂದೆ. ಕಟ್ಟಿ "ಹೌದಲ್ಲೋ!" ಎಂದು ಸಂತೋಷದಿಂದ ಒಪ್ಪಿಕೊಂಡು ಕೊಕ್ಕನ್ನು ತಿದ್ದಿದ. ಕಾಗೆ ಮತ್ತಷ್ಟು ಚೆಂದವಾಯಿತು. ಅವನನ್ನು ಏನು ಮಾಡಬೇಕು ಹೇಳಿ.

ಅದೂ ಹೋಗಲಿ. ಒಂದು ಸಂಜೆ ಮನೆಗೆ ಬಂದರೆ ಹಾಲಿನ ಗೋಡೆಯಲ್ಲಿ ನನ್ನ ಗೇರ್‌ಬಾಕ್ಸ್ ಇಲ್ಲ! ಅದೇ ಮೊಳೆಗೆ ಕಟ್ಟಿಯ ಚಿತ್ರ ತೂಗುತ್ತಿದೆ. ನನ್ನ ಹೆಂಡತಿ ಸುಮಿತ್ರಾ ಒಲೆಯ ಮುಂದೆ ಜೋಳದ ಭಕ್ಕರಿ ಬಡಿಯುತ್ತಿರುವುದು. ಮುಖವಿಲ್ಲ, ಬೆನ್ನು ಮಾತ್ರ. ಬಗ್ಗಿದ ಕುತ್ತಿಗೆ, ಸಡಿಲಾದ ತುರುಬು, ಎತ್ತಿದ ಬಲಭುಜ. ಹಿಂದಿನ ವಾರ ಅವನು ಭಕ್ಕರಿಗೆ ಕಾಯುತ್ತ ಅಡಿಗೆಮನೆಯ ಬಾಗಿಲಲ್ಲಿ ಕೂತು ಬರೆದದ್ದು.

"ನನ್ನ ಗೇರ್‌ಬಾಕ್ಸ್ ಎಲ್ಲೆ?"

"ಮಂಚದ ಕೆಳಗ ಇಟ್ಟೀನ್ರಿ. ಅಲ್ಲೆ ಬಿಸಲು ಬೀಳೂದಿಲ್ಲ, ಛಲೋ ಇರ್ತದ."

"ಮನೀ ಯಜಮಾನಂದು ಮಂಚದ ಕೆಳಗ, ಮಂದೀದು ಗ್ವಾಡೀ ಮ್ಯಾಲ!"

ಸುಮಿತ್ರಾ ಜಗಳವಾಡಲಿಲ್ಲ. ಚಿತ್ರದ ಕಡೆಗೇ ನೋಡುತ್ತಾ, "ನನ್ನ ಬಲಭುಜಾ ಎತ್ತರ ಅದ ಅಂತ ನಂಗ ಗೊತ್ತಿರಲಿಲ್ರಿ. ನೀವು ಮದಿವ್ಯಾದಾಗಿಂದ ನೋಡ್ಲಿಕತ್ತೀರಿ, ನಿಮಗ ಗೊತ್ತಿತ್ತೇನು?" ಅಂದಳು.

ಗೊತ್ತಿರಲಿಲ್ಲ. ಆ ಮಾತು ನನ್ನನ್ನು ಸುಟ್ಟಷ್ಟು ಯಾವುದೂ ಸುಟ್ಟಿಲ್ಲ. ಮಾರನೆಯ ದಿನ ಯಾರಿಗೂ ಹೇಳದೆ ಚೌಕಕ್ಕೆ ಹೋಗಿ ಅದೇ ಮಕ್ಕಳ ಪುಸ್ತಕದ ಇನ್ನೊಂದು ಪ್ರತಿ ತಂದೆ. ಬಾಗಿಲು ಹಾಕಿಕೊಂಡು ಕಟ್ಟಿಯಂತೆಯೇ ಎಡಗಡೆಯಿಂದ ಆರಂಭಿಸಿದೆ. ಬರಲಿಲ್ಲ! ಕುತ್ತಿಗೆಯಿಲ್ಲದ ಬೆಕ್ಕಿಗೆ ನನ್ನ ಕೈ ಕುತ್ತಿಗೆ ಕೂಡಿಸಿಬಿಡುತ್ತಿತ್ತು. ತಪ್ಪು ಮೊಣಕೈ ತಾನಾಗಿ ಜಾಗಕ್ಕೆ ಬರುತ್ತಿತ್ತು. ಎಲ್ಲವೂ ಸರಿಯಾಗಿ, ಶುದ್ಧವಾಗಿ, ಹೆಣದಂತೆ ಬಂತು. ಒಂದು ತಪ್ಪು ಮಾಡಲೂ ಬಾರದ ಕೈ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಪುಸ್ತಕವನ್ನು ಬೀಸಿ ಒಗೆದೆ. ಅದಾದ ಮೇಲೆ ಉದ್ಯಾನದಲ್ಲಿ ನಾನು ಪೆನ್ಸಿಲ್ ಹಿಡಿಯಲಿಲ್ಲ, ಅವನು ಬರೆಯುವುದನ್ನು ನೋಡುತ್ತಾ ಕೂರುತ್ತಿದ್ದೆ. ಮೊಣಕಾಲು ನೋವೆಂದು ಮನೆಯಲ್ಲೇ ಇರಬಹುದಿತ್ತು. ನೋಡದೆಯೂ ಇರಲಾಗುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಕಟ್ಟಿಗೆ ಎದೆನೋವು ಬಂತು. ಆಸ್ಪತ್ರೆಗೆ ಹೋದರೆ ದಿಂಬಿಗೊರಗಿ ಕೂತಿದ್ದ. ಮುಖ ಇಳಿದಿತ್ತು, ತುಟಿಯ ಮೇಲಿನ ಗುರುತು ಹಾಗೇ ಇತ್ತು. "ಬಾರಲೇ, ಅಲ್ಲೆ ಖಿಡಕಿ ಹತ್ತರ ಕೂಡು, ಅಲ್ಲಾಡಬ್ಯಾಡ" ಎಂದು ತೊಡೆಯ ಮೇಲೆ ಹಾಳೆ ಇಟ್ಟುಕೊಂಡ. ಅವನ ಹೆಂಡತಿ ಊಟದ ಡಬ್ಬಿ ತರಲು ಹೋಗಿದ್ದರು. ನಾನು ಕೂತೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಬರೆದು ನನ್ನ ಕೈಗಿತ್ತ.

ಒಂದು ಕಣ್ಣು ಸ್ವಲ್ಪ ಕಿರಿದು. ತುಟಿ ಬಿಗಿದಿದೆ, ಆದರೂ ಒಂದು ಮೂಲೆಯಲ್ಲಿ ನಗುವ ಪ್ರಯತ್ನವಿದೆ. ಬೇರೆಯವರ ತಟ್ಟೆಯ ಹೋಳಿಗೆ ನೋಡುವವನ ಮುಖ.

"ಇದು ಯಾರಲೇ?"

"ನೀನ. ನನ್ನ ಕಾಗೀ ನೋಡೂ ಮುಂದ ನಿನ್ನ ಮಾರಿ ಹಿಂಗ ಆಗ್ತದ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಗೊತ್ತಿತ್ತೇನು ನಿಂಗ?"

"ಹುಚ್ಚಪ್ಪ, ದಿನಾ ಬಾಜೂಕ ಕೂತಾಂವಗ ಗೊತ್ತಾಗೂದಿಲ್ಲೇನು?" ಕಟ್ಟಿ ಉಸಿರು ಎಳೆದುಕೊಳ್ಳುತ್ತ ನಕ್ಕ. "ನಾ ಪುಸ್ತಕ ನೋಡಿ ಕಲತೆ ಅಂತ ಮಾಡೀಯೇನು? ಅದು ಯಾವಾಗೋ ಬ್ಯಾಸರಾಗಿತ್ತು. ಮುಂಜಾನೆ ನೀ ಬಂದು ಹೊಟ್ಟೀ ಉರಕೊಂಡು ಕೂಡ್ತಿದ್ದಿ ನೋಡು, ಆವಾಗ ಅನಸ್ತಿತ್ತು, ದೇಸಾಯಿ ಉರಕೊಳ್ಳಿಕತ್ತಾನ ಅಂದ್ರ ಏನೋ ಛಲೋನ ಬರ್ಲಿಕತ್ತದ. ನೀ ಇಲ್ಲಂದ್ರ ಬಿಟ್ಟಬಿಡ್ತಿದ್ದೆ."

ಒಳ್ಳೆಯ ಮಾತು ಆಡಬೇಕಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದು, "ಕಿವಿ ಸಣ್ಣದಾಗ್ಯದ" ಅಂದೆ.

"ಹೌದಲ್ಲೋ!" ಅದೇ ಸಂತೋಷ. "ಇಲ್ಲೆ ರಬ್ಬರ್ ಇಲ್ಲ. ನಾಳೆ ಬರೂ ಮುಂದ ರಬ್ಬರ್ ತಗೊಂಡು ಬಾ, ತಿದ್ದಿ ಕೊಡ್ತೀನಿ. ಮರೀಬ್ಯಾಡ, ಈ ಹಾಳೀನೂ ತಾ."

ಮಾರನೆಯ ದಿನ ಹೊಸ ರಬ್ಬರು ಕೊಂಡು, ಹಾಳೆಯನ್ನು ಮಡಿಕೆಯಾಗದಂತೆ ಕೈಚೀಲದಲ್ಲಿಟ್ಟುಕೊಂಡು ಬಸ್ ಸ್ಟಾಪಿಗೆ ಬಂದಿದ್ದೆ. ಆಗ ಕಟ್ಟಿಯ ಅಳಿಯನ ಫೋನು ಬಂತು. ಮಾತಾಡುವಾಗ ಅವನು ಅಳುತ್ತಿದ್ದ. ನಾನು ಬಸ್ಸು ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಆ ಚಿತ್ರಕ್ಕೆ ನಾನೇ ಕಟ್ಟು ಹಾಕಿಸಿ ಸುಮಿತ್ರಾಳ ಚಿತ್ರದ ಪಕ್ಕದಲ್ಲಿ ತೂಗುಹಾಕಿದ್ದೇನೆ. ಈಗಲೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಅಷ್ಟು ಚೆನ್ನಾಗಿ ಬಂದಿದೆ ಹಾಳಾದ್ದು. ಮೊನ್ನೆ ಸುಮಿತ್ರಾ ಧೂಳು ಒರೆಸುತ್ತಾ ನಿಂತವಳು ಒಮ್ಮೆ ಚಿತ್ರವನ್ನು, ಒಮ್ಮೆ ನನ್ನನ್ನು ನೋಡಿದಳು.

"ಎಲ್ಲಾ ನಿಮ್ಹಾಂಗನ ಅದರಿ. ಕಿವಿ ಒಂದು ಸಣ್ಣದಾಗ್ಯದ."

"ಏನೂ ಸಣ್ಣದಾಗಿಲ್ಲ," ಅಂದೆ. "ನನ್ನ ಕಿವಿ ಇರೂದ ಅಷ್ಟು."