ಮೂರು ಕೋಣೆಯ ಮನೆಯ ಅಕ್ಕ

ಆಕೆ ಸಿಟಿ ಬಸ್ಸಿನ ಡ್ರೈವರ್. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತಮ್ಮಂದಿರು, ತಂಗಿ ‘ಅಕ್ಕ’ ಎಂದರು, ಅದನ್ನು ಕೇಳಿ ಡಿಪೋದವರೂ ಅಕ್ಕ ಎಂದರು. ಕೊನೆಕೊನೆಗೆ, ಅವಳಿಗಿಂತ ಎಷ್ಟೋ ದೊಡ್ಡವನಾದ ಮೆಕ್ಯಾನಿಕ್ ಕೂಡ “ಅಕ್ಕಾ, ನಿಮ್ಮ ಬ್ರೇಕ್ ಸರಿ ಮಾಡಿದ್ದೀನಿ” ಎನ್ನುತ್ತಿದ್ದ.

ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಬೆನ್ನಿಗೆ ಮೂವರು: ಒಬ್ಬ ತಮ್ಮ, ಒಬ್ಬ ತಂಗಿ, ಎಲ್ಲರಿಗಿಂತ ಕಿರಿಯವನಾದ ಪುಟ್ಟ. ಬಾಡಿಗೆಗಿದ್ದದ್ದು ಒಂದೇ ಕೋಣೆ. ಅಲ್ಲೇ ಒಲೆ, ಅಲ್ಲೇ ಓದು, ಅಲ್ಲೇ ಜಗಳ. ಒಬ್ಬರು ಮಗ್ಗುಲು ಬದಲಿಸಿದರೆ ನಾಲ್ವರೂ ಬದಲಿಸಬೇಕು. ಅಕ್ಕ ಬಾಗಿಲಿಗೆ ಅಡ್ಡಲಾಗಿ ಮಲಗುತ್ತಿದ್ದಳು.

ಒಮ್ಮೆ ಪುಟ್ಟ ಶಾಲೆಯಲ್ಲಿ ಬರೆದ ಚಿತ್ರವೊಂದನ್ನು ತಂದು, ಅಂಟಿಸಲು ಜಾಗ ಹುಡುಕಿದ. ಒಂದು ಗೋಡೆಗೆ ಕಪಾಟು, ಒಂದಕ್ಕೆ ಬಟ್ಟೆಯ ಹಗ್ಗ, ಇನ್ನೊಂದಕ್ಕೆ ಒಲೆಯ ಮಸಿ.

“ಅಕ್ಕ, ನಂಗೆ ಅಂತ ಒಂದು ಗೋಡೆ ಯಾವಾಗ ಬರುತ್ತೆ?”

“ಗೋಡೆ ಯಾಕೋ, ಕೋಣೆನೇ ಕೊಡಿಸ್ತೀನಿ. ಒಬ್ಬೊಬ್ರಿಗೂ ಒಂದೊಂದು.”

ಮಗುವನ್ನು ಸುಮ್ಮನಾಗಿಸಲು ಆಡಿದ ಮಾತು. ಮಗು ಸುಮ್ಮನಾಯಿತು. ಆಡಿದವಳು ಸುಮ್ಮನಾಗಲಿಲ್ಲ.

ಮುಂದಿನ ವರ್ಷಗಳನ್ನೆಲ್ಲ ಅವಳು ಸ್ಟೀರಿಂಗ್ ಹಿಂದೆ ಕಳೆದಳು. ಹೊಟ್ಟೆ ಬಟ್ಟೆ ಕಟ್ಟಿದಳು. ಡಿಪೋದಲ್ಲಿ ಬಸ್ಸುಗಳ ವೇಳೆ ನೋಡಿಕೊಳ್ಳುತ್ತಿದ್ದ ಒಬ್ಬಾತ ಮದುವೆಯ ಮಾತೆತ್ತಿದಾಗ “ಇವರೆಲ್ಲ ಒಂದು ದಡ ಸೇರಲಿ” ಎಂದಳು. ಅವನು ಒಳ್ಳೆಯವನು, ಒಂದಷ್ಟು ಕಾಲ ಕಾದ. ಆಮೇಲೆ ಬೇರೆಯವಳನ್ನು ಮದುವೆಯಾಗಿ, ಸಿಹಿ ಹಂಚುವಾಗ ಅವಳಿಗೆ ಎರಡು ಕೊಟ್ಟ.

ಕಡೆಗೂ ಮನೆ ಆಯಿತು. ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿ, ಮೂರು ಮಲಗುವ ಕೋಣೆ. ಹಾಲ್‌ನ ಗಾಜಿನ ಬಾಗಿಲು ಸರಿಸಿದರೆ ಅಂಗಳದಂಥ ತಾರಸಿ. ಕೆಳಗಿನ ಮನೆಯ ಸೂರೇ ಇವಳ ಅಂಗಳ. ಆ ಕಟ್ಟಡದಲ್ಲಿ ಮಹಡಿಗೊಂದು ಭಾಷೆ. ಮೆಟ್ಟಿಲು ಹತ್ತುತ್ತಿದ್ದರೆ ಒಗ್ಗರಣೆಯ ವಾಸನೆ ತಿರುವಿಗೊಮ್ಮೆ ಬದಲಾಗುತ್ತಿತ್ತು. ಬೀದಿಯಲ್ಲಿ ಕ್ಷೌರದಂಗಡಿಯವನು ಒಂದು ದೇಶದವನು, ಮೊಬೈಲ್ ರಿಪೇರಿಯವನು ಇನ್ನೊಂದು ದೇಶದವನು. ಇಬ್ಬರೂ ಅರೆಬರೆ ಬರುವ ಮೂರನೆಯ ಭಾಷೆಯಲ್ಲಿ ಜಗಳವಾಡುತ್ತಿದ್ದರು. ಬೈಗುಳಕ್ಕೆ ಮಾತ್ರ ಸ್ವಂತ ಭಾಷೆ.

ಮೂರು ಕೋಣೆಗೆ ಮೂರು ಮಂಚ ಹಾಕಿಸಿದಳು. ತನಗೆಂದು ಕೋಣೆಯಿಲ್ಲವಲ್ಲ ಎಂಬುದು ಅವಳ ಲೆಕ್ಕಕ್ಕೇ ಬರಲಿಲ್ಲ.

ಅಷ್ಟರಲ್ಲಿ ದೊಡ್ಡ ತಮ್ಮ ಹಡಗೊಂದರಲ್ಲಿ ಅಡುಗೆಯವನಾಗಿದ್ದ. ತಂಗಿ ಮದುವೆಯಾಗಿ ದೂರದ ಊರಿನಲ್ಲಿದ್ದಳು. ಪುಟ್ಟ ಬೇರೊಂದು ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ. ಮೂವರೂ ಬಂದರು. ಉಂಡರು, ನಕ್ಕರು. ಮಲಗುವ ಹೊತ್ತಿಗೆ ಹಾಸಿಗೆಗಳನ್ನೆಲ್ಲ ತಾರಸಿಗೆ ಎಳೆದು, ಹಿಂದಿನಂತೆಯೇ ಒತ್ತೊತ್ತಾಗಿ ಮಲಗಿದರು. ಅಕ್ಕ ಒಳಗೆ ಹೋಗಿ ಮೂರು ಬರಿ ಮಂಚಗಳನ್ನು ನೋಡಿ ಬಂದಳು. ಎರಡು ದಿನ ಕಳೆದು ಎಲ್ಲರೂ ಅವರವರ ದಾರಿ ಹಿಡಿದರು.

ಮನೆ ಬಿಕೋ ಎಂದಿತು. ಅವಳು ಹಾಲ್‌ನಲ್ಲೇ, ಬಾಗಿಲ ಪಕ್ಕ ಮಲಗಿದಳು. ರಜೆಯ ದಿನ ಮೂರೂ ಕೋಣೆ ಗುಡಿಸಿ, ಯಾರೂ ಮಲಗದ ಹಾಸಿಗೆಯ ಹೊದಿಕೆ ಒಗೆದು, ತಾರಸಿಯಲ್ಲಿ ಒಣಗಿಸಿ, ಮತ್ತೆ ಹಾಸುತ್ತಿದ್ದಳು. ದಿನವಿಡೀ ಬೆನ್ನ ಹಿಂದೆ ತುಂಬಿದ ಬಸ್ಸು, ಆದರೆ ನಡುವೆ ಗಾಜು. ಗಾಜಿನ ಮೇಲೆ ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂಬ ಬರಹ. ಜನ ಅದನ್ನು ಚೆನ್ನಾಗಿಯೇ ಪಾಲಿಸುತ್ತಿದ್ದರು.

ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬಂದರೆ ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ಮೇಲಿನ ಮನೆಯ ಪೈಪು ಒಡೆದಿತ್ತು. ಆ ಮನೆಯ ಬೇಕರಿಯವ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅವನ ಮುದಿ ತಾಯಿ, ಎಲ್ಲರೂ ಒದ್ದೆ ಗಂಟುಗಳೊಂದಿಗೆ ಮೆಟ್ಟಿಲಲ್ಲೇ ಕೂತಿದ್ದರು.

“ನೆಲ ಪೂರ್ತಿ ಕೀಳ್ಬೇಕಂತೆ,” ಎಂದ ಬೇಕರಿಯವ. “ಎಲ್ಲಿಗೆ ಹೋಗೋದೋ ಗೊತ್ತಾಗ್ತಿಲ್ಲ.”

“ಒಳಗೆ ಬನ್ನಿ,” ಎಂದಳು ಅಕ್ಕ. “ಮಂಚಗಳು ಸುಮ್ನೆ ಬಿದ್ದಿವೆ.”

ಮನೆ ಒಮ್ಮೆಲೇ ತುಂಬಿತು. ಹುಡುಗಿಯರು ಕಿಟಕಿ ಪಕ್ಕದ ಜಾಗಕ್ಕೆ ಜುಟ್ಟು ಹಿಡಿದು ಜಗಳವಾಡಿದರು. ಕೆಲಸ ಮುಗಿಸಿ ಬಂದವಳಿಗೆ ಬೇಕರಿಯವನ ಹೆಂಡತಿ ಬಿಸಿ ಊಟ ಮುಚ್ಚಿಟ್ಟಿರುತ್ತಿದ್ದಳು. ಇನ್ನೊಬ್ಬರು ಬಡಿಸಿದ್ದನ್ನು ಉಣ್ಣುವುದು ಅಕ್ಕನಿಗೆ ಮರೆತೇ ಹೋಗಿತ್ತು.

ಮುದುಕಿಗೂ ಅವಳಿಗೂ ಒಂದೂ ಭಾಷೆ ಹೊಂದುತ್ತಿರಲಿಲ್ಲ. ಇಬ್ಬರೂ ಸಂಜೆ ತಾರಸಿಯಲ್ಲಿ ಕೂರುತ್ತಿದ್ದರು. ಇವಳು ಟ್ರಾಫಿಕ್ಕಿನ ಬಗ್ಗೆ ಹೇಳಿದರೆ ಮುದುಕಿ ತನ್ನ ಮೊಣಕಾಲು ತೋರಿಸುವಳು. ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಇಬ್ಬರೂ ತಲೆಯಾಡಿಸುತ್ತಿದ್ದರು.

ಮೇಲಿನ ನೆಲ ಒಣಗಿತು. ಬೇಕರಿಯವನು ಕೈ ಮುಗಿದ, ಹೆಂಡತಿ ಅಡುಗೆಮನೆ ತಿಕ್ಕಿ ತೊಳೆದು ಕೊಟ್ಟಳು. ಎಲ್ಲರೂ ಮೇಲೆ ಹೋದರು. ಆಮೇಲೆ ಅವರ ಹೆಜ್ಜೆಗಳು ತಲೆಯ ಮೇಲೆ ಕೇಳತೊಡಗಿದವು. ಓಡುವುದು ಚಿಕ್ಕವಳು, ಎಳೆದು ಹಾಕುವ ಕಾಲು ಮುದುಕಿಯದು. ಮೊದಲಿದ್ದ ನಿಶ್ಶಬ್ದವೇ ವಾಸಿಯಿತ್ತು ಎನಿಸಿತು ಅವಳಿಗೆ.

ಆ ವಾರವೇ ಪುಟ್ಟ ಫೋನ್ ಮಾಡಿದ.

“ಅಕ್ಕ, ಅಷ್ಟು ದೊಡ್ಡ ಮನೇಲಿ ಒಬ್ಳೇ ಏನು ಮಾಡ್ತೀಯ? ಚಿಕ್ಕದೊಂದು ನೋಡ್ಕೋಬಾರ್ದಾ?”

“ನೀನೇ ಕೇಳಿದ್ದಲ್ಲೋ. ನಂಗೆ ಅಂತ ಒಂದು ಗೋಡೆ ಬೇಕು ಅಂತ.”

“ಗೋಡೆನಾ? ನಾನಾ? ಯಾವಾಗ?”

ಅವಳು ಹೇಳಿದಳು. ಚಿತ್ರ, ಹಗ್ಗ, ಒಲೆಯ ಮಸಿ.

“ನಿಜವಾಗ್ಲೂ ನೆನಪಿಲ್ಲ ಅಕ್ಕ. ನಂಗೆ ನೆನಪಿರೋದು ನಾವೆಲ್ಲ ಒಟ್ಟಿಗೆ ಮಲಗ್ತಿದ್ದಿದ್ದು. ನೀನು ಬಾಗಿಲ ಹತ್ರ ಇರ್ತಿದ್ದೆ, ಅದಕ್ಕೇ ಭಯ ಆಗ್ತಿರ್ಲಿಲ್ಲ.”

“ಹೌದಾ,” ಎಂದಳು. ಮಾತು ಹವೆ ಕಡೆ ಹೊರಳಿತು.

ಫೋನ್ ಇಟ್ಟು ತಾರಸಿಗೆ ಹೋಗಿ ನಿಂತಳು. ಕೋಪ ಬರಲಿಲ್ಲ. ಅವನು ಸುಳ್ಳು ಹೇಳುವವನಲ್ಲ. ಇಷ್ಟು ವರ್ಷ ತಾನು ಯಾರಿಗಾಗಿ ಬಸ್ಸು ಓಡಿಸಿದೆನೋ ಆ ಮಗು ಎಲ್ಲಿಯೂ ಇರಲಿಲ್ಲ. ಅವಳು ಅಳಲಿಲ್ಲ. ಒಣಗಿದ ಹೊದಿಕೆಗಳನ್ನು ಎಳೆದು ಮಡಚಿದಳು. ಹಾಸಲಿಲ್ಲ, ಕಪಾಟಿಗೆ ಹಾಕಿದಳು.

ಎರಡು ಮಂಚಗಳನ್ನು ಬೇಕರಿಯವನ ಹುಡುಗಿಯರಿಗೆ ಕೊಟ್ಟಳು. ಮೂರನೆಯದರಲ್ಲಿ ತಾನೇ ಮಲಗಿದಳು. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಬಂತು. ಮನೆ ಮಾರಲಿಲ್ಲ. ಬೀಗದ ಕೈಯೊಂದನ್ನು ಮುದುಕಿಗೆ ಕೊಟ್ಟು, ತಾರಸಿಯತ್ತ ಬೆರಳು ಮಾಡಿ, ಬಿಸಿಲು ತೋರಿಸಿ, ಮೊಣಕಾಲು ತೋರಿಸಿದಳು. ಅಷ್ಟು ಮಾತು ಮುದುಕಿಗೆ ತಿಳಿಯಿತು.

ಅದಾಗಿ ಕೆಲವು ತಿಂಗಳಿಗೆ ಡಿಪೋದಲ್ಲಿ ರೂಟ್ ಬದಲಾಯಿತು. ಹೊಸ ರೂಟ್ ಅವಳ ಮನೆಯ ಬೀದಿಯಲ್ಲೇ ಹಾದುಹೋಗುತ್ತಿತ್ತು. ಒಂದು ಮಧ್ಯಾಹ್ನ ಸಿಗ್ನಲ್ ಕೆಂಪಾಗಿ, ಬಸ್ಸು ಕಟ್ಟಡದ ಎದುರಿಗೇ ನಿಂತಿತು. ಅವಳು ಬಗ್ಗಿ ಮೇಲೆ ನೋಡಿದಳು. ತನ್ನ ತಾರಸಿಯ ಅಂಚಿನಲ್ಲೇ, ಕಂಬಿಯ ಬಳಿ, ಮುದುಕಿ ಬಿಸಿಲಿಗೆ ಕಾಲು ಚಾಚಿ ಒಬ್ಬಳೇ ಕೂತಿದ್ದಳು. ಅಕ್ಕ ಸಣ್ಣಗೆ ಹಾರ್ನ್ ಮಾಡಿದಳು. ಬೀದಿ ತುಂಬ ಹಾರ್ನುಗಳೇ. ಯಾವುದು ಯಾರದೆಂದು ಮುದುಕಿಗೆ ಹೇಗೆ ಗೊತ್ತಾಗಬೇಕು? ಅವಳು ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೆ ಇನ್ನಷ್ಟು ಎತ್ತಿದಳು.

ಸಿಗ್ನಲ್ ಹಸಿರಾಯಿತು. ಅಕ್ಕ ಗೇರ್ ಹಾಕಿದಳು.